ಪುಡಿ ಮ್ಯಾಗ್ನೆಟ್‌ಗೆ ಓಡಿ ಬಂತು, ನೀರು ಮಾತ್ರ ನೀಲಿಯಾಗೇ ಉಳಿಯಿತು: ಕಾಂತೀಯ ಇದ್ದಿಲಿನಿಂದ ನೀರಿನ ಬಣ್ಣ ತೆಗೆಯುವ ಪೂರ್ತಿ ಕ್ರಮ

ವಿಜ್ಞಾನ ಮೇಳದ ಸೀಸನ್ ಶುರುವಾಯಿತು ಅಂದರೆ ನನ್ನ ಹತ್ತಿರ ಬರುವ ದೂರು ಎರಡೇ. ಒಂದು, "ಸಾರ್, ಪುಡಿ ಮಾಡಿದ್ವಿ, ಮ್ಯಾಗ್ನೆಟ್‌ಗೆ ಬರ್ತಾನೇ ಇಲ್ಲ." ಇನ್ನೊಂದು, "ಮ್ಯಾಗ್ನೆಟ್‌ಗೆ ಚೆನ್ನಾಗಿ ಬರುತ್ತೆ ಸಾರ್, ಆದ್ರೆ ಬಣ್ಣ ಹೋಗ್ತಾ ಇಲ್ಲ."

ಒಂದು ಮೇಳದಲ್ಲಿ ನಾನೇ ನೋಡಿದ್ದು. ಹುಡುಗ ನೀಲಿ ನೀರಿಗೆ ಕಪ್ಪು ಪುಡಿ ಹಾಕಿದ, ಕಲಕಿದ, ಬೀಕರ್ ಪಕ್ಕಕ್ಕೆ ಮ್ಯಾಗ್ನೆಟ್ ಹಿಡಿದ. ಪುಡಿ ಸರಸರ ಅಂತ ಗಾಜಿನ ಗೋಡೆಗೆ ಬಂದು ಅಂಟಿತು. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ತೀರ್ಪುಗಾರರು ಕನ್ನಡಕ ಸರಿ ಮಾಡಿಕೊಂಡು ಕೇಳಿದರು: "ಅದೆಲ್ಲ ಸರಿ ಮಗಾ, ನೀರು ಇನ್ನೂ ನೀಲಿಯಾಗೇ ಇದೆಯಲ್ಲ?" ಹುಡುಗ ಅಲ್ಲಿಯವರೆಗೆ ನೀರನ್ನು ನೋಡಿಯೇ ಇರಲಿಲ್ಲ. ಅವನ ಕಣ್ಣು ಮ್ಯಾಗ್ನೆಟ್ ಮೇಲಿತ್ತು.

ಈ ಬರಹ ಆ ಹುಡುಗನಿಗೆ, ಅವನಂಥವರಿಗೆ. ಪಿಯು ಅಥವಾ ಡಿಗ್ರಿ ಕಾಲೇಜಿನ ಲ್ಯಾಬ್‌ನಲ್ಲಿ, ಮೇಷ್ಟ್ರು ಪಕ್ಕದಲ್ಲಿದ್ದಾಗ ಮಾಡುವ ಕೆಲಸ ಇದು. ಮನೆಯ ಅಡುಗೆಮನೆಗೆ ಅಲ್ಲ.

ಮೊದಲು ಇದನ್ನು ತಿಳಿದುಕೊಳ್ಳಿ

ಮ್ಯಾಗ್ನೆಟ್ ಬಣ್ಣವನ್ನು ಎಳೆಯುವುದಿಲ್ಲ. ಬಣ್ಣ ನೀರಲ್ಲಿ ಕರಗಿರುತ್ತದೆ, ಅದಕ್ಕೂ ಮ್ಯಾಗ್ನೆಟ್‌ಗೂ ಸಂಬಂಧವೇ ಇಲ್ಲ. ಇಲ್ಲಿ ಇಬ್ಬರು ಕೆಲಸಗಾರರಿದ್ದಾರೆ. ಹಿಡಿಯುವವನು ಇದ್ದಿಲು, ಹೊರುವವನು ಮ್ಯಾಗ್ನೆಟೈಟ್. ಆಕ್ಟಿವೇಟೆಡ್ ಇದ್ದಿಲಿನ ಸಣ್ಣ ಸಣ್ಣ ತೂತುಗಳಲ್ಲಿ ಬಣ್ಣ ಹೋಗಿ ಕೂರುತ್ತದೆ. ಇದ್ದಿಲಿಗೆ ಅಂಟಿಕೊಂಡ ಮ್ಯಾಗ್ನೆಟೈಟ್ ಅಂದರೆ ಕಬ್ಬಿಣದ ಕಪ್ಪು ಆಕ್ಸೈಡ್. ಅದನ್ನು ಮ್ಯಾಗ್ನೆಟ್ ಎಳೆದಾಗ ಇದ್ದಿಲೂ ಬಣ್ಣವೂ ಜೊತೆಗೆ ಬರುತ್ತವೆ.

ಬರೀ ಮ್ಯಾಗ್ನೆಟೈಟ್ ಹಾಕಿದವರು ಸೋಲುವುದು ಇದಕ್ಕೇ. ಮಾಮೂಲಿ ನೀರಿನಲ್ಲಿ ಮೆಥಿಲೀನ್ ಬ್ಲೂ (ನಾವು ಬಳಸುವ ನೀಲಿ ಬಣ್ಣ) ಅದಕ್ಕೆ ಅಷ್ಟಾಗಿ ಅಂಟುವುದಿಲ್ಲ. ಇದ್ದಿಲು, ಮ್ಯಾಗ್ನೆಟೈಟ್ ಎರಡನ್ನೂ ಬೇರೆ ಬೇರೆ ಹಾಕಿ ಕಲಕಿದರೂ ಆಗುವುದಿಲ್ಲ. ಹೊರುವವನು ಒಬ್ಬನೇ ಬರುತ್ತಾನೆ, ಹಿಡಿಯುವವನು ನೀರಲ್ಲೇ ಉಳಿಯುತ್ತಾನೆ. ಇದ್ದಿಲಿನ ಮೇಲೆಯೇ ಮ್ಯಾಗ್ನೆಟೈಟ್ ಹುಟ್ಟಬೇಕು.

ಬೇಕಾದ ಸಾಮಾನು

ಫೆರಿಕ್ ಕ್ಲೋರೈಡ್ (6 ನೀರಿನ ಅಣು ಇರುವ ಹಳದಿ-ಕಂದು ಹರಳು), ಅನ್ನಭೇದಿ ಅಂದರೆ ಫೆರಸ್ ಸಲ್ಫೇಟ್ (7 ನೀರಿನ ಅಣು ಇರುವ ಹಸಿರು ಹರಳು), ಕಾಸ್ಟಿಕ್ ಸೋಡಾ, ಆಕ್ಟಿವೇಟೆಡ್ ಇದ್ದಿಲು ಪುಡಿ, ಮೆಥಿಲೀನ್ ಬ್ಲೂ. ಮೂರು ಲೀಟರ್ ಡಿಸ್ಟಿಲ್ಡ್ ವಾಟರ್. ಪಿಎಚ್ ಪೇಪರ್ (ನೀರು ಆಸಿಡ್ಡೋ ಕ್ಷಾರವೋ ತೋರಿಸುವ ಕಾಗದ), ಥರ್ಮಾಮೀಟರ್, 0.01 ಗ್ರಾಂ ತೋರಿಸುವ ತಕ್ಕಡಿ, 100 ಮತ್ತು 500 ಮಿಲಿ ಬೀಕರ್, ದಪ್ಪ ಗಾಜಿನ ಕಡ್ಡಿ, ಡ್ರಾಪರ್. ಎರಡು ನಿಯೋಡಿಮಿಯಮ್ ಮ್ಯಾಗ್ನೆಟ್, 20 ಮಿ.ಮೀ. ಅಗಲದ ಬಿಲ್ಲೆ ಸಾಕು. ಹಳೇ ಸ್ಪೀಕರ್‌ನ ಮ್ಯಾಗ್ನೆಟ್ಟೂ ನಡೆಯುತ್ತದೆ, ನಿಧಾನ ಅಷ್ಟೇ.

ಕೊಳ್ಳುವಾಗಲೇ ಆಗುವ ತಪ್ಪುಗಳು ಮೂರಿವೆ.

ಒಂದು, ಬೆಂಗಳೂರಿನವರು ಎಸ್‌ಪಿ ರೋಡಿನಲ್ಲಿ ಸರ್ಕ್ಯೂಟ್ ಬೋರ್ಡ್ ಎಚಿಂಗ್‌ಗೆ ಮಾರುವ ಫೆರಿಕ್ ಕ್ಲೋರೈಡ್ ತಂದುಬಿಡುತ್ತಾರೆ. ಅದು ಕಪ್ಪಗಿದ್ದರೆ ನೀರಿನ ಅಣು ಇಲ್ಲದ ಬಗೆ ಇರಬಹುದು. ನೀರಿಗೆ ಹಾಕಿದ ತಕ್ಷಣ ಬುಸ್ ಅಂತ ಬಿಸಿಯಾಗಿ ಆಸಿಡ್ ಹೊಗೆ ಬಿಡುತ್ತದೆ. ತೂಕವೂ ಬೇರೆ: ಹರಳು 5.4 ಗ್ರಾಂ ಬೇಕಾದ ಕಡೆ ಇದು 3.25 ಗ್ರಾಂ ಮಾತ್ರ ಸಾಕು. ಲೇಬಲ್ ಇಲ್ಲದ ಪೊಟ್ಟಣ ಬೇಡವೇ ಬೇಡ. ಮಳೆಗಾಲದಲ್ಲಿ ಬಾಯಿ ಬಿಟ್ಟಿಟ್ಟ ಫೆರಿಕ್ ಕ್ಲೋರೈಡ್ ಬೆಲ್ಲದ ಪಾಕದ ಹಾಗೆ ಜಿನುಗುತ್ತಿರುತ್ತದೆ. ಅದನ್ನು ತೂಗಿದರೆ ನೀರನ್ನೇ ತೂಗಿದ ಹಾಗೆ.

ಎರಡು, ಅನ್ನಭೇದಿ. ಸೋಲಿನ ಮೂಲ ಹೆಚ್ಚಾಗಿ ಇದೇ. ಗೊಬ್ಬರದ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಹಳೆಯದಾಗಿ ಮೇಲೆಲ್ಲ ಹಳದಿ-ಕಂದು ಪುಡಿ ಕಟ್ಟಿರುತ್ತದೆ. ಆ ಪುಡಿ ಗಾಳಿ ತಾಗಿ ಕೆಟ್ಟ ಕಬ್ಬಿಣ, ನಮಗೆ ಬೇಕಾದ ಫೆರಸ್ ಅಲ್ಲ. ಹರಳು ತಿಳಿ ಹಸಿರಾಗಿ, ಕಲ್ಲುಸಕ್ಕರೆಯ ಹಾಗೆ ಹೊಳೆಯಬೇಕು. ಮೇಲೆ ಸ್ವಲ್ಪ ಕಂದು ಇದ್ದರೆ ಕೆರೆದು ಒಳಗಿನದನ್ನು ತೆಗೆದುಕೊಳ್ಳಿ. ಒಳಗೂ ಕಂದು ಇದ್ದರೆ ಬಿಸಾಡಿ, ಹೊಸದು ತನ್ನಿ.

ಮೂರು, ಇದ್ದಿಲು. ಒಲೆಯ ಇದ್ದಿಲನ್ನು ಕುಟ್ಟಿ ಪುಡಿ ಮಾಡಿದರೆ ಆಗುವುದಿಲ್ಲ. ಅದಕ್ಕೆ ಬಣ್ಣ ಹಿಡಿಯುವ ತೂತುಗಳು ತೀರಾ ಕಡಿಮೆ. ಆಕ್ಟಿವೇಟೆಡ್ ಅಂತ ಲೇಬಲ್‌ನಲ್ಲಿ ಬರೆದಿರುವುದೇ ಬೇಕು.

ಕೈ ಹಾಕುವ ಮುಂಚೆ

ಕಣ್ಣಿಗೆ ಗಾಗಲ್ಸ್, ಕೈಗೆ ಗ್ಲೌಸ್. ಕಾಸ್ಟಿಕ್ ಸೋಡಾ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಯಾವಾಗಲೂ ನೀರಿಗೆ ಸೋಡಾ ಹಾಕಿ, ಸೋಡಾಕ್ಕೆ ನೀರು ಸುರಿಯಬೇಡಿ. ಅಲ್ಯುಮಿನಿಯಂ ಪಾತ್ರೆ ಹತ್ತಿರಕ್ಕೂ ಬೇಡ. ಸೋಡಾ ಅದನ್ನು ತಿಂದು ಹೈಡ್ರೋಜನ್ ಗ್ಯಾಸ್ ಬಿಡುತ್ತದೆ.

ನಿಯೋಡಿಮಿಯಮ್ ಮ್ಯಾಗ್ನೆಟ್ ಎರಡು ಒಟ್ಟಿಗೆ ಬಡಿದುಕೊಂಡರೆ ಮಧ್ಯೆ ಇರುವ ಬೆರಳಿನ ಚರ್ಮ ಹರಿಯುತ್ತದೆ. ಪೇಸ್‌ಮೇಕರ್ ಹಾಕಿಸಿಕೊಂಡವರು ದೂರ ಇರಬೇಕು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಮ್ಯಾಗ್ನೆಟ್‌ಗಳನ್ನು ಎಣಿಸಿ ಬೀಗ ಹಾಕಿಡಿ. ಎರಡು ನುಂಗಿದರೆ ಕರುಳಿನ ಒಳಗೆ ಒಂದನ್ನೊಂದು ಎಳೆದುಕೊಂಡು ಕರುಳನ್ನೇ ತೂತು ಮಾಡುತ್ತವೆ.

ಮ್ಯಾಗ್ನೆಟ್ಟನ್ನು ಈಗಲೇ ಒಂದು ಸಣ್ಣ ಜಿಪ್ ಕವರಿಗೆ ಹಾಕಿಬಿಡಿ. ಪುಡಿ ನೇರವಾಗಿ ಅಂಟಿತೋ, ಜನ್ಮದಲ್ಲಿ ಬಿಡುವುದಿಲ್ಲ.

ಹಂತ 1: ನೀರು ಕುದಿಸಿ, ಸೋಡಾ ಕರಗಿಸಿ

ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರನ್ನು 10 ನಿಮಿಷ ಕುದಿಸಿ, ಮುಚ್ಚಳ ಹಾಕಿ ಆರಲು ಬಿಡಿ. ನೀರಲ್ಲಿ ಕರಗಿದ ಆಮ್ಲಜನಕ ಹೋಗಲಿ ಅಂತ ಈ ಕೆಲಸ. ಆಮ್ಲಜನಕ ಇದ್ದರೆ ಅನ್ನಭೇದಿ ನೀರಲ್ಲೇ ಕೆಡುತ್ತದೆ.

ಬೋರ್‌ವೆಲ್ ನೀರಲ್ಲಿ ಮಾಡಬಾರದಾ ಅಂತ ಕೇಳುತ್ತಾರೆ. ಬೇಡ. ಗಡಸು ನೀರಿಗೆ ಸೋಡಾ ಬಿದ್ದರೆ ಸುಣ್ಣದಂಥ ಬಿಳಿ ಗಸಿ ಬರುತ್ತದೆ, ಅದೂ ಇದ್ದಿಲಿನ ಮೇಲೆ ಕೂರುತ್ತದೆ.

ಆರಿದ ನೀರಿನಲ್ಲಿ ಸುಮಾರು 50 ಮಿಲಿ ತೆಗೆದುಕೊಂಡು, 6 ಗ್ರಾಂ ಕಾಸ್ಟಿಕ್ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕರಗಿಸಿ. ಬಿಸಿಯಾಗುತ್ತದೆ, ಹೆದರಬೇಡಿ. ತಣ್ಣಗಾದ ಮೇಲೆ ಒಟ್ಟು 60 ಮಿಲಿ ಆಗುವಷ್ಟು ನೀರು ಸೇರಿಸಿ.

ಹಂತ 2: ಇದ್ದಿಲಿಲ್ಲದೆ ಒಮ್ಮೆ ಕಾಲು ಅಳತೆಯಲ್ಲಿ ಮಾಡಿ ನೋಡಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ಹಾರಿಸಬೇಡಿ. ಕಾರಣ ಸರಳ. ಇದ್ದಿಲು ಹಾಕಿದ ಮೇಲೆ ಬೀಕರ್‌ನಲ್ಲಿ ಎಲ್ಲವೂ ಕಪ್ಪು. ಮ್ಯಾಗ್ನೆಟೈಟ್ ಆಯಿತೋ ಇಲ್ಲವೋ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಮೊದಲು ಬರೀ ಕಬ್ಬಿಣದಲ್ಲಿ ಬಣ್ಣ ಹೇಗೆ ತಿರುಗುತ್ತದೆ ಅಂತ ನೋಡಿಕೊಳ್ಳಬೇಕು.

ಕುದಿಸಿ ಆರಿಸಿದ 40 ಮಿಲಿ ನೀರಿಗೆ 1.35 ಗ್ರಾಂ ಫೆರಿಕ್ ಕ್ಲೋರೈಡ್ ಹಾಕಿ ಕರಗಿಸಿ. 60 ಡಿಗ್ರಿಗೆ ಬಿಸಿ ಮಾಡಿ. ಆಮೇಲೆ 0.78 ಗ್ರಾಂ ಅನ್ನಭೇದಿ ಹಾಕಿ. ಅನ್ನಭೇದಿ ಯಾವತ್ತೂ ಕೊನೆಗೆ, ಸೋಡಾ ಹಾಕುವ ಸ್ವಲ್ಪ ಮುಂಚೆ. ಮೊದಲೇ ಹಾಕಿ ಬಿಸಿ ಮಾಡುತ್ತಾ ಟೀ ಕುಡಿಯಲು ಹೋದರೆ ಅಷ್ಟರಲ್ಲಿ ಅದರ ಒಂದು ಪಾಲು ಕೆಟ್ಟಿರುತ್ತದೆ.

ಲೆಕ್ಕ ಗೊತ್ತಿರುವವರು ಇಲ್ಲೊಂದು ಪ್ರಶ್ನೆ ಎತ್ತುತ್ತಾರೆ. ಮ್ಯಾಗ್ನೆಟೈಟ್‌ಗೆ ಎರಡು ಫೆರಿಕ್‌ಗೆ ಒಂದು ಫೆರಸ್ ಸಾಕಲ್ಲ, ನೀವು ಹೇಳಿದ್ದರಲ್ಲಿ ಫೆರಸ್ ಸ್ವಲ್ಪ ಜಾಸ್ತಿ ಇದೆಯಲ್ಲ ಅಂತ. ಹೌದು, ಬೇಕೆಂದೇ ಜಾಸ್ತಿ. ಸಾರಜನಕ ಹಾಯಿಸದೆ ತೆರೆದ ಗಾಳಿಯಲ್ಲಿ ಮಾಡುತ್ತಿದ್ದೇವೆ. ಒಂದಿಷ್ಟು ಫೆರಸ್ ಗಾಳಿಗೆ ಹೋಗುತ್ತದೆ, ಅದರ ಪಾಲನ್ನು ಮೊದಲೇ ಹಾಕಿಟ್ಟಿದ್ದೇವೆ.

ಈಗ ಸೋಡಾ ನೀರನ್ನು ಡ್ರಾಪರ್‌ನಲ್ಲಿ ಹಾಕುತ್ತಾ ಜೋರಾಗಿ ಕಲಕಿ. ರಾಗಿ ಮುದ್ದೆಗೆ ಕೋಲು ಆಡಿಸಿದ ಹಾಗೆ, ಕೈ ನಿಲ್ಲಬಾರದು. ನಿಂತರೆ ಗಂಟು ಕಟ್ಟುತ್ತದೆ, ಗಂಟಿನ ಒಳಗೆ ಸೋಡಾ ಹೋಗುವುದಿಲ್ಲ. ಮ್ಯಾಗ್ನೆಟಿಕ್ ಸ್ಟಿರರ್ ಬಳಸಬೇಡಿ! ಹುಟ್ಟಿದ ಪುಡಿಯೆಲ್ಲ ಒಳಗೆ ತಿರುಗುವ ಗುಳಿಗೆಗೆ ಮೆತ್ತಿಕೊಳ್ಳುತ್ತದೆ. ದುಬಾರಿ ಉಪಕರಣ ಇರುವ ಲ್ಯಾಬ್‌ಗಳಲ್ಲೇ ಈ ತಪ್ಪು ಜಾಸ್ತಿ ಅನ್ನುವುದು ತಮಾಷೆ. ಗಾಜಿನ ಕಡ್ಡಿ ಸಾಕು.

ಬಣ್ಣ ನೋಡುತ್ತಾ ಇರಿ. ಮೊದಲು ಕಿತ್ತಳೆ ನೀರು. ಆಮೇಲೆ ಹುಣಸೆ ರಸದ ಹಾಗೆ ಮಂದವಾದ ಕಂದು. ಇಲ್ಲಿ ತುಂಬಾ ಜನ "ಆಯ್ತು" ಅಂತ ನಿಲ್ಲಿಸಿಬಿಡುತ್ತಾರೆ. ಆಗಿಲ್ಲ. ಇನ್ನೂ ಹಾಕಿ. ಕಂದು ಗಾಢವಾಗುತ್ತಾ ಹೋಗಿ ಕೊನೆಗೆ ಕಾಡಿಗೆಯ ಕಪ್ಪಿಗೆ ತಿರುಗುತ್ತದೆ. ಸುಮಾರು 8 ರಿಂದ 9 ಮಿಲಿ ಸೋಡಾ ನೀರು ಹೋಗುತ್ತದೆ. ಪಿಎಚ್ ಪೇಪರ್ 10 ರಿಂದ 11 ತೋರಿಸಬೇಕು.

ಹೊರಗಿನಿಂದ ಮ್ಯಾಗ್ನೆಟ್ ಹಿಡಿಯಿರಿ. ಒಂದೆರಡು ನಿಮಿಷದಲ್ಲಿ ಕಪ್ಪೆಲ್ಲ ಗೋಡೆಗೆ ಸರಿದು, ಉಳಿದ ನೀರು ತಿಳಿಯಾಗಬೇಕು. ಹಾಗಾಗದಿದ್ದರೆ ಕಾರಣ ಹುಡುಕುವುದು ಹೀಗೆ:

ಇನ್ನೂ ಕಂದಾಗಿದೆ, ಪಿಎಚ್ 9ಕ್ಕಿಂತ ಕಡಿಮೆ ಅಂದರೆ ಸೋಡಾ ಸಾಲದು, ಇನ್ನಷ್ಟು ಹಾಕಿ. ಪಿಎಚ್ 11 ಇದೆ, ಆದರೂ ಕಂದು ಅಂದರೆ ಅನ್ನಭೇದಿ ಹಳೆಯದು. ಅದಕ್ಕೆ ಏನೂ ಮಾಡಲಾಗುವುದಿಲ್ಲ, ಮತ್ತೆ ಮೊದಲಿಂದ. ಹಸಿರು ಛಾಯೆ ಬಂದರೆ ಫೆರಸ್ ತೀರಾ ಜಾಸ್ತಿ ಆಗಿದೆ. 70 ಡಿಗ್ರಿಯಲ್ಲಿ ಕಲಕುತ್ತಾ ಇದ್ದರೆ ಸಾಮಾನ್ಯವಾಗಿ ಕಪ್ಪಾಗುತ್ತದೆ. ಕಪ್ಪು ಪುಡಿ ಗೋಡೆಗೆ ಬಂದರೂ ನೀರು ಇಟ್ಟಿಗೆ ಬಣ್ಣದಲ್ಲೇ ಉಳಿದರೆ ಅರ್ಧ ಮ್ಯಾಗ್ನೆಟೈಟ್, ಅರ್ಧ ತುಕ್ಕು ಆಗಿದೆ ಅಂತ ಅರ್ಥ.

ಈ ಕಾಲು ಅಳತೆ ಸರಿ ಬರುವವರೆಗೆ ಮುಂದಿನ ಹಂತಕ್ಕೆ ಹೋಗಲೇಬೇಡಿ. ಸರಿ ಬಂದ ಪುಡಿಯನ್ನು ತೊಳೆದು ಒಂದು ಸಣ್ಣ ಬಾಟಲಿಯಲ್ಲಿಡಿ, ಹಂತ 6ರಲ್ಲಿ ಬೇಕಾಗುತ್ತದೆ.

ಹಂತ 3: ಇದ್ದಿಲಿನ ಮೇಲೆ ಮ್ಯಾಗ್ನೆಟೈಟ್ ಕೂರಿಸಿ

ಪೂರ್ತಿ ಅಳತೆ: 160 ಮಿಲಿ ನೀರು, 5.4 ಗ್ರಾಂ ಫೆರಿಕ್ ಕ್ಲೋರೈಡ್, 2.4 ಗ್ರಾಂ ಇದ್ದಿಲು, 3.1 ಗ್ರಾಂ ಅನ್ನಭೇದಿ. ಈ ಕಬ್ಬಿಣದಿಂದ ಹೆಚ್ಚೆಂದರೆ 2.4 ಗ್ರಾಂ ಮ್ಯಾಗ್ನೆಟೈಟ್ ಬರುತ್ತದೆ. ಅಂದರೆ ಅರ್ಧ ಹಿಡಿಯುವವನು, ಅರ್ಧ ಹೊರುವವನು. ಇದ್ದಿಲು ಜಾಸ್ತಿ ಹಾಕಿದರೆ ಬಣ್ಣ ಜಾಸ್ತಿ ಹಿಡಿಯುತ್ತದೆ ಅನ್ನುವ ಆಸೆ ಬೇಡ. ಹೊರುವವನಿಗೆ ಭಾರವಾಗಿ ಮ್ಯಾಗ್ನೆಟ್‌ಗೆ ಬರುವುದು ನಿಧಾನವಾಗುತ್ತದೆ.

ಕ್ರಮ ಹೀಗೆ. ಫೆರಿಕ್ ಕ್ಲೋರೈಡ್ ಕರಗಿಸಿ. ಇದ್ದಿಲಿಗೆ ಮೊದಲು ಚೂರು ನೀರು ಹಾಕಿ ಕಲಸಿಕೊಳ್ಳಿ, ಒಣಗಿದ್ದನ್ನೇ ಸುರಿದರೆ ಮೇಲೆ ತೇಲುತ್ತದೆ. ಕಲಸಿದ್ದನ್ನು ಫೆರಿಕ್ ನೀರಿಗೆ ಸೇರಿಸಿ, 60 ಡಿಗ್ರಿಯಲ್ಲಿ 15 ನಿಮಿಷ ಕಲಕಿ. ಕಬ್ಬಿಣದ ನೀರು ಇದ್ದಿಲಿನ ತೂತುಗಳ ಒಳಗೆ ಹೋಗಲು ಇಷ್ಟು ಹೊತ್ತು ಬೇಕು. ಆಮೇಲೆ ಅನ್ನಭೇದಿ, ಒಂದು ನಿಮಿಷ ಕಲಕು. ತಕ್ಷಣ ಸೋಡಾ.

ಸೋಡಾ ನೀರು 33 ಮಿಲಿಯ ಸುಮಾರಿಗೆ ಲೆಕ್ಕ ಸರಿ ಹೋಗುತ್ತದೆ, ಪಿಎಚ್ 11 ಮುಟ್ಟಲು ಇನ್ನೆರಡು ಮೂರು ಮಿಲಿ ಹಿಡಿಯಬಹುದು. ಐದು ನಿಮಿಷದಲ್ಲಿ ಹಾಕಿ ಮುಗಿಸಿ. ಇಲ್ಲಿ ಬಣ್ಣ ಕಾಣುವುದಿಲ್ಲ, ಹಾಗಾಗಿ ಪಿಎಚ್ ಪೇಪರ್ರೇ ಕಣ್ಣು. ಬೀಕರ್ ಮೇಲೆ ಗಾಜಿನ ತಟ್ಟೆ ಮುಚ್ಚಿ 70 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ, ಆಗಾಗ ಕಲಕಿ. ಕುದಿಸಬೇಡಿ. ಆರಲು ಬಿಡಿ.

ಹಂತ 4: ತೊಳೆಯಿರಿ, ಮತ್ತೆ ತೊಳೆಯಿರಿ

ಬೀಕರ್ ಪಕ್ಕಕ್ಕೆ ಮ್ಯಾಗ್ನೆಟ್ ಹಿಡಿದು, ಪುಡಿ ಸರಿದ ಮೇಲೆ ನೀರನ್ನು ಅನ್ನದ ಗಂಜಿ ಬಸಿದ ಹಾಗೆ ನಿಧಾನವಾಗಿ ಬಸಿಯಿರಿ. ಹೊಸ ಡಿಸ್ಟಿಲ್ಡ್ ವಾಟರ್ 200 ಮಿಲಿ ಹಾಕಿ, ಮ್ಯಾಗ್ನೆಟ್ ತೆಗೆದು ಕಲಕಿ, ಮತ್ತೆ ಮ್ಯಾಗ್ನೆಟ್, ಮತ್ತೆ ಬಸಿಯುವುದು. ಐದಾರು ಸಲ. ಬಸಿದ ನೀರಿನ ಪಿಎಚ್ 7 ರಿಂದ 8ಕ್ಕೆ ಇಳಿಯಬೇಕು.

ಮೊದಲ ಎರಡು ಸಲ ಬಸಿದ ನೀರು ಕಪ್ಪಾಗಿರುತ್ತದೆ. ಅದು ಮ್ಯಾಗ್ನೆಟೈಟ್ ಅಂಟದ ಬಿಡಿ ಇದ್ದಿಲು. ಅದನ್ನು ಉಳಿಸಲು ಹೋಗಬೇಡಿ! ಫಿಲ್ಟರ್ ಪೇಪರ್‌ನಲ್ಲಿ ಸೋಸಿ ವಾಪಸ್ ಸೇರಿಸುವವರನ್ನು ನೋಡಿದ್ದೇನೆ. ಮ್ಯಾಗ್ನೆಟ್‌ಗೆ ಬಾರದ ಇದ್ದಿಲು ಕೊನೆಗೆ ನಿಮ್ಮ ತಿಳಿ ನೀರಲ್ಲೇ ತೇಲುತ್ತದೆ. ಹೋಗುವುದು ಹೋಗಲಿ.

ತೊಳೆಯುವುದನ್ನು ಮೂರಕ್ಕೇ ನಿಲ್ಲಿಸಿದರೆ ಸೋಡಾ ಉಳಿಯುತ್ತದೆ. ಆಮೇಲೆ ಮೆಥಿಲೀನ್ ಬ್ಲೂ ಅದರಲ್ಲಿ ನಿಂತು ನೇರಳೆ ಕಡೆಗೆ ತಿರುಗಬಹುದು. ಬಣ್ಣ ಬದಲಾಗಿದ್ದನ್ನೇ ಬಣ್ಣ ಹೋಯಿತು ಅಂದುಕೊಳ್ಳುತ್ತೀರಿ.

ಇನ್ನೊಂದು ಮಾತು: ಪುಡಿಯನ್ನು ಒಣಗಿಸಬೇಡಿ. ಒಣಗಿದರೆ ಬೆಲ್ಲದ ಅಚ್ಚಿನ ಹಾಗೆ ಗಟ್ಟಿ ಹೆಂಟೆಯಾಗುತ್ತದೆ, ಮತ್ತೆ ನೀರಲ್ಲಿ ಬಿಡಿಸಿಕೊಳ್ಳುವುದಿಲ್ಲ. ಅದನ್ನು ಅರೆದರೆ ನುಣುಪು ಧೂಳು ಮೂಗಿಗೆ ಹೋಗುತ್ತದೆ. ಗಸಿಯಾಗಿಯೇ ಇರಲಿ.

ಹಂತ 5: ಒಂದು ಮಿಲಿಯಲ್ಲಿ ಎಷ್ಟಿದೆ?

ಗಸಿಗೆ ನೀರು ಸೇರಿಸಿ ಸರಿಯಾಗಿ 100 ಮಿಲಿ ಮಾಡಿ. ಚೆನ್ನಾಗಿ ಅಲ್ಲಾಡಿಸಿ, ತಳಕ್ಕೆ ಕೂರುವ ಮುಂಚೆಯೇ 10 ಮಿಲಿ ತೆಗೆದು, ಮೊದಲೇ ತೂಗಿಟ್ಟ ಗಾಜಿನ ತಟ್ಟೆಗೆ ಹಾಕಿ ಒಣಗಿಸಿ. ಈ ಚೂರನ್ನು ಮಾತ್ರ ಒಣಗಿಸಬಹುದು, ತೂಕ ಆದ ಮೇಲೆ ಇದು ಬೇರೆ ಕೆಲಸಕ್ಕಿಲ್ಲ. 0.4 ಗ್ರಾಂ ಬಂದರೆ ಒಂದು ಮಿಲಿಗೆ 40 ಮಿಲಿಗ್ರಾಂ. 48ರ ಮೇಲೆ ಬಂದರೆ ಉಪ್ಪು ಉಳಿದಿದೆ, ಇನ್ನೂ ತೊಳೆಯಬೇಕು.

ಹಂತ 6: ನಾಲ್ಕು ಬಾಟಲಿ

ಒಂದೇ ಬಾಟಲಿಯಲ್ಲಿ ಮಾಡಿ ತೋರಿಸಿದರೆ ಏನೂ ಸಾಬೀತಾಗುವುದಿಲ್ಲ. ನಾಲ್ಕು ಬೇಕು.

ಮೊದಲು ಬಣ್ಣದ ನೀರು. 0.1 ಗ್ರಾಂ ಮೆಥಿಲೀನ್ ಬ್ಲೂ 100 ಮಿಲಿ ನೀರಲ್ಲಿ ಕರಗಿಸಿ. ಅದರಲ್ಲಿ 10 ಮಿಲಿ ತೆಗೆದು ಒಂದು ಲೀಟರ್ ಮಾಡಿ. ಈಗ ಲೀಟರಿಗೆ 10 ಮಿಲಿಗ್ರಾಂ. ಅಕ್ವೇರಿಯಂ ಅಂಗಡಿಯ ಬಾಟಲಿ ತಂದಿದ್ದರೆ ಅದರ ಗಟ್ಟಿತನ ನಂಬಬೇಡಿ. ಅಂಥದಾದರೆ ಶುರುವಿನ ಬಣ್ಣವನ್ನು 100 ಪಾಲು ಅಂತ ಇಟ್ಟುಕೊಳ್ಳಿ, ಲೆಕ್ಕಕ್ಕೆ ಅಷ್ಟೇ ಸಾಕು.

ನಾಲ್ಕು ಒಂದೇ ಥರದ ಬಾಟಲಿಗೆ ತಲಾ 100 ಮಿಲಿ ನೀಲಿ ನೀರು. ಮೊದಲನೆಯದಕ್ಕೆ ಏನೂ ಇಲ್ಲ. ಎರಡನೆಯದಕ್ಕೆ 50 ಮಿಲಿಗ್ರಾಂ ಬರೀ ಇದ್ದಿಲು. ಮೂರನೆಯದಕ್ಕೆ ಹಂತ 2ರ ಬರೀ ಮ್ಯಾಗ್ನೆಟೈಟ್, ಅದೂ ಅಂದಾಜು 50 ಮಿಲಿಗ್ರಾಂ. ನಾಲ್ಕನೆಯದಕ್ಕೆ ನಮ್ಮ ಗಸಿ 2.5 ಮಿಲಿ, ಅಂದರೆ 100 ಮಿಲಿಗ್ರಾಂ. ಎಲ್ಲವನ್ನೂ ಅರ್ಧ ಗಂಟೆ ಅಲ್ಲಾಡಿಸಿ. ಬಾಟಲಿ ಸುಮ್ನೆ ಇಟ್ಟರೆ ಗಸಿ ತಳಕ್ಕೆ ಕೂರುತ್ತದೆ, ಮೇಲಿನ ಬಣ್ಣಕ್ಕೆ ಅದು ಸಿಗುವುದೇ ಇಲ್ಲ.

ಆಮೇಲೆ ಮೂರು ಮತ್ತು ನಾಲ್ಕಕ್ಕೆ ಮ್ಯಾಗ್ನೆಟ್, 10 ನಿಮಿಷ. ತಿಳಿ ನೀರನ್ನು ಡ್ರಾಪರ್‌ನಲ್ಲಿ ಮೇಲಿನಿಂದ ತೆಗೆಯಿರಿ. ಎರಡನೆಯದರಲ್ಲಿ ಇದ್ದಿಲು ತೇಲುತ್ತಲೇ ಇರುತ್ತದೆ. ಮ್ಯಾಗ್ನೆಟೈಟ್ ಯಾಕೆ ಬೇಕು ಅನ್ನುವುದಕ್ಕೆ ಆ ಬಾಟಲಿಯೇ ಉತ್ತರ.

ಇಲ್ಲಿ ದೊಡ್ಡದೊಂದು ಮೋಸ ಕಾದಿದೆ. ತೇಲುವ ಕಪ್ಪು ಹೋಗಲಿ ಅಂತ ಫಿಲ್ಟರ್ ಪೇಪರ್‌ನಲ್ಲಿ ಸೋಸಿದಿರೋ, ಕೆಟ್ಟಿರಿ. ಮೆಥಿಲೀನ್ ಬ್ಲೂ ಕಾಗದಕ್ಕೆ ಚೆನ್ನಾಗಿ ಅಂಟುತ್ತದೆ. ಪುಡಿ ಏನೂ ಮಾಡದಿದ್ದರೂ ಕಾಗದವೇ ಬಣ್ಣ ತೆಗೆದುಕೊಟ್ಟು ನಿಮಗೆ ಬಹುಮಾನ ಕೊಡಿಸುತ್ತದೆ. ನಂಬಿಕೆ ಬಾರದಿದ್ದರೆ ಮೊದಲ ಬಾಟಲಿಯ ನೀರು ಸೋಸಿ ನೋಡಿ, ಕಾಗದ ನೀಲಿಯಾಗುತ್ತದೆ. ಮೊದಲ ಬಾಟಲಿ ಇಟ್ಟಿರುವುದು ಇದಕ್ಕೂ ಹೌದು. ಗಾಜಿಗೂ ಒಂದಿಷ್ಟು ಬಣ್ಣ ಅಂಟುತ್ತದೆ, ಅದು ಈ ಬಾಟಲಿಯಲ್ಲಿ ಗೊತ್ತಾಗುತ್ತದೆ.

ಅಳೆಯುವುದು ಹೇಗೆ? ಕಾಲೇಜಿನಲ್ಲಿ ಕಲರಿಮೀಟರ್ (ಬಣ್ಣ ಎಷ್ಟು ಗಾಢ ಅಂತ ಅಳೆಯುವ ಉಪಕರಣ) ಇದ್ದರೆ ಕೆಂಪು ಫಿಲ್ಟರ್ ಹಾಕಿ. ಮೆಥಿಲೀನ್ ಬ್ಲೂ ಹೆಚ್ಚಾಗಿ ಹೀರುವ ಬೆಳಕು 664 ನ್ಯಾನೋಮೀಟರ್ ಹತ್ತಿರದ್ದು. ಇಲ್ಲದಿದ್ದರೆ ಕಣ್ಣೇ ಸಾಕು. ಮೂಲ ನೀರನ್ನು ಅರ್ಧ ಅರ್ಧ ಮಾಡುತ್ತಾ 10, 5, 2.5, 1.25, 0.6 ಅಂತ ಐದು ಟೆಸ್ಟ್ ಟ್ಯೂಬ್ ಸಾಲಾಗಿ ಇಡಿ. ಬಿಳಿ ಹಾಳೆಯ ಮೇಲೆ ನಿಲ್ಲಿಸಿ ಮೇಲಿನಿಂದ ನೋಡಿ. ನಿಮ್ಮ ನೀರು 1.25ಕ್ಕೆ ಹೊಂದಿದರೆ 10ರಲ್ಲಿ 8.75 ಹೋಗಿದೆ, ಅಂದರೆ ಶೇಕಡಾ 87 ಚಿಲ್ಲರೆ.

ಹಂತ 7: ಬಕೆಟ್ ಬೇಡ, ತೆಳುವಾದ ನೀರು ಬೇಕು

100 ಮಿಲಿಯಲ್ಲಿ ಗೆದ್ದವರು ಮಾರನೇ ದಿನ ಬಕೆಟ್ ತರುತ್ತಾರೆ. ನಡುವೆ ಒಂದು ಮ್ಯಾಗ್ನೆಟ್ ತೂಗುಹಾಕುತ್ತಾರೆ. ಗಂಟೆ ಕಾದರೂ ಅಂಚಿನ ಕಪ್ಪು ಅಲ್ಲೇ ಇರುತ್ತದೆ.

ಮ್ಯಾಗ್ನೆಟ್‌ನ ಎಳೆತ ದೂರ ಹೋದ ಹಾಗೆ ಬಲು ಬೇಗ ಸಾಯುತ್ತದೆ. ಪುಡಿಯನ್ನು ಎಳೆಯಲು ಮ್ಯಾಗ್ನೆಟ್ ಬಲವಾಗಿದ್ದರಷ್ಟೇ ಸಾಲದು, ಆ ಬಲ ಸ್ವಲ್ಪ ದೂರದಲ್ಲೇ ತಟಕ್ಕನೆ ಬದಲಾಗುತ್ತಿರಬೇಕು. ಅದು ಇರುವುದು ಮ್ಯಾಗ್ನೆಟ್‌ನ ಅಂಚಿನ ಹತ್ತಿರ ಮಾತ್ರ. ಹಾಗಾಗಿ ನೀರು ಮ್ಯಾಗ್ನೆಟ್‌ಗೆ 3-4 ಸೆ.ಮೀ. ಒಳಗೇ ಇರಬೇಕು. ಪೀಣ್ಯದ ಕಡೆ ಗ್ರೈಂಡಿಂಗ್ ವರ್ಕ್‌ಶಾಪ್ ನೋಡಿದ್ದರೆ ನೆನಪು ಮಾಡಿಕೊಳ್ಳಿ. ಕಬ್ಬಿಣದ ಚೂರು ತುಂಬಿದ ಕೂಲೆಂಟ್ (ಯಂತ್ರ ಬಿಸಿಯಾಗದಂತೆ ಸುರಿಯುವ ದ್ರವ), ತಿರುಗುವ ಮ್ಯಾಗ್ನೆಟ್ ಡ್ರಮ್ಮಿನ ಕೆಳಗೆ ತೆಳ್ಳಗೆ ಹರಿದು ಹೋಗುತ್ತದೆ. ಡ್ರಮ್ಮು ಟ್ಯಾಂಕಿನ ನಡುವೆ ನೇತಾಡುವುದಿಲ್ಲ.

ನಾವು ಮಾಡಬಹುದಾದದ್ದು ಸ್ಟೀಲ್ ನಾರಿನ ನಳಿಗೆ. ಸೂಜಿ ಇಲ್ಲದ 20 ಮಿಲಿ ಸಿರಿಂಜ್ ತೆಗೆದುಕೊಳ್ಳಿ. ಒಳಗೆ ಸುಮಾರು ಒಂದು ಗ್ರಾಂ ಸ್ಟೀಲ್ ನಾರು ಸಡಿಲವಾಗಿ ತುಂಬಿ. ಎರಡೂ ಕಡೆಯಿಂದ ಮ್ಯಾಗ್ನೆಟ್ ಒತ್ತಿ ಟೇಪ್ ಸುತ್ತಿ. ಮ್ಯಾಗ್ನೆಟ್ ಮಧ್ಯೆ ಇರುವ ಒಂದೊಂದು ನಾರೂ ಪುಟ್ಟ ಮ್ಯಾಗ್ನೆಟ್ ಆಗುತ್ತದೆ, ಅದರ ಅಂಚಿನಲ್ಲಿ ಎಳೆತ ತುಂಬಾ ಜೋರು. ಗಣಿ ಕೆಲಸದಲ್ಲಿ ಬಿಳಿ ಜೇಡಿಯಿಂದ ಕಬ್ಬಿಣದ ಕಲೆ ತೆಗೆಯುವ ದೊಡ್ಡ ಯಂತ್ರಗಳದ್ದೂ ಇದೇ ಉಪಾಯ.

ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರನ್ನೇ ಕತ್ತರಿಸಿ ಹಾಕಬಹುದು. ಆದರೆ ಮೊದಲು ಮ್ಯಾಗ್ನೆಟ್ ಹಿಡಿದು ನೋಡಿ. ಕೆಲವು ಬಗೆಯ ಸ್ಟೇನ್‌ಲೆಸ್ ಸ್ಟೀಲ್ ಮ್ಯಾಗ್ನೆಟ್‌ಗೆ ಜಗ್ಗುವುದೇ ಇಲ್ಲ. ಅಂಥ ನಾರು ತುಂಬಿದರೆ ನಳಿಗೆ ಬರೀ ಜರಡಿ.

ಕಲಕಿದ ಕಪ್ಪು ನೀರನ್ನು ನಿಧಾನಕ್ಕೆ ಬಿಡಿ, ನಿಮಿಷಕ್ಕೆ 10 ರಿಂದ 20 ಮಿಲಿ. ಕೆಳಗೆ ಬಿಳಿ ಕಪ್ ಇಡಿ. ಕಪ್‌ಗೆ ಬಿದ್ದ ನೀರಲ್ಲಿ ಬೂದು ಛಾಯೆ ಕಂಡ ಕ್ಷಣ ನಿಲ್ಲಿಸಿ. ಒಂದೋ ವೇಗ ಜಾಸ್ತಿ ಆಗಿದೆ, ಇಲ್ಲವೋ ನಾರು ತುಂಬಿದೆ. ವೇಗ ತಗ್ಗಿಸಿ ನೋಡಿ. ಆಗಲೂ ಬಂದರೆ ತುಂಬಿದೆ ಅಂತಲೇ. ಮ್ಯಾಗ್ನೆಟ್ ತೆಗೆದು, ಉಲ್ಟಾ ದಿಕ್ಕಿನಲ್ಲಿ ನೀರು ಹಾಯಿಸಿ ತೊಳೆದುಕೊಳ್ಳಿ. ಬೂದು ಬಣ್ಣದ ಬದಲು ಕಂದು ಬಣ್ಣ ಬಂದರೆ ನಾರೇ ತುಕ್ಕು ಹಿಡಿಯುತ್ತಿದೆ, ಬದಲಾಯಿಸಿ.

ಕುಡಿಯುವ ನೀರಿಗೆ? ಗ್ಯಾಸಿಗೆ?

ಈ ನೀರು ಕುಡಿಯಲು ಅಲ್ಲ. ಪಾವಗಡದ ಫ್ಲೋರೈಡ್ ನೀರಿಗೆ, ರಾಯಚೂರು-ಯಾದಗಿರಿ ಕಡೆಯ ಆರ್ಸೆನಿಕ್ ನೀರಿಗೆ ಇದನ್ನೇ ಹಾಕಬಹುದಾ ಅಂತ ಕೇಳುತ್ತಾರೆ. ಕಾಳಜಿ ಒಳ್ಳೆಯದು. ಮ್ಯಾಗ್ನೆಟೈಟ್‌ಗೆ ಆರ್ಸೆನಿಕ್ ಅಂಟುತ್ತದೆ ಅನ್ನುವುದೂ ನಿಜ. 2006ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 12 ನ್ಯಾನೋಮೀಟರ್ ಕಣಗಳಿಂದ ಅದನ್ನು ತೋರಿಸಿದ್ದಾರೆ. ಆದರೆ ಬಣ್ಣ ಉಳಿದರೆ ಕಣ್ಣಿಗೆ ಕಾಣುತ್ತದೆ, ಆರ್ಸೆನಿಕ್ ಉಳಿದರೆ ಕಣ್ಣಿಗೂ ಕಾಣದು, ನಾಲಿಗೆಗೂ ಗೊತ್ತಾಗದು. ಅದರ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಟೆಸ್ಟ್ ಟ್ಯೂಬ್ ಸಾಲಿನಲ್ಲಿ ಅದನ್ನು ಅಳೆಯಲಾಗುವುದಿಲ್ಲ. ಅಳೆಯಲಾಗದ್ದನ್ನು ತೆಗೆದೆ ಅಂತ ಹೇಳಿಕೊಂಡು ಯಾರಿಗೂ ಕುಡಿಸಬೇಡಿ.

ಗೋಬರ್ ಗ್ಯಾಸನ್ನೂ ಈ ಪುಡಿಯಿಂದ ಶುದ್ಧ ಮಾಡಬಹುದಾ ಅನ್ನುವುದಕ್ಕೆ ಚುಟುಕಾಗಿ ಉತ್ತರ. ಗೋಬರ್ ಗ್ಯಾಸಿನ ಕೊಳೆತ ಮೊಟ್ಟೆ ವಾಸನೆಗೆ ಕಾರಣ ಹೈಡ್ರೋಜನ್ ಸಲ್ಫೈಡ್. ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿದ ಡಬ್ಬದ ಮೂಲಕ ಹಾಯಿಸಿ ಅದನ್ನು ತೆಗೆಯುತ್ತಾರೆ. ಅಲ್ಲಿ ಕೆಲಸ ಮಾಡುವುದು ತುಕ್ಕು, ಮ್ಯಾಗ್ನೆಟ್ ಅಲ್ಲ. ನಮ್ಮ ಪುಡಿಯನ್ನು ಒಣಗಿಸಿ ಗ್ಯಾಸ್ ಪೈಪಿಗೆ ತುಂಬುವ ಸಾಹಸ ಬೇಡ. ಗಂಧಕ ಹಿಡಿದ ಕಬ್ಬಿಣ ಗಾಳಿಗೆ ಬಿದ್ದರೆ ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಹುದು.

ಹಂತ 8: ಇಡುವುದು, ಮತ್ತೆ ಬಳಸುವುದು, ಬಿಸಾಡುವುದು

ಉಳಿದ ಗಸಿಯನ್ನು ಬಾಟಲಿಯ ಕುತ್ತಿಗೆವರೆಗೂ ನೀರು ತುಂಬಿ ಬಿಗಿಯಾಗಿ ಮುಚ್ಚಿಡಿ. ಒಳಗೆ ಗಾಳಿ ಕಡಿಮೆ ಇದ್ದಷ್ಟೂ ಒಳ್ಳೆಯದು. ದಿನ ಕಳೆದ ಹಾಗೆ ಚೂರು ಕಂದು ಛಾಯೆ ಬಂದರೆ ಗಾಬರಿ ಬೇಡ, ಮ್ಯಾಗ್ನೆಟ್ ಹಿಡಿದು ನೋಡಿ. ಬರುತ್ತಿದ್ದರೆ ನಡೆಯುತ್ತದೆ. ಬಳಸುವ ಮುಂಚೆ ಒಮ್ಮೆ ತೊಳೆದು ಬಸಿಯಿರಿ.

ಬಣ್ಣ ಹಿಡಿದ ಪುಡಿಯನ್ನು ಸ್ಪಿರಿಟ್‌ನಲ್ಲಿ ತೊಳೆದರೆ ಒಂದಿಷ್ಟು ನೀಲಿ ಬಿಡುತ್ತದೆ, ಪೂರ್ತಿ ಬಿಡುವುದಿಲ್ಲ. ಪಕ್ಕದಲ್ಲಿ ಬೆಂಕಿ ಇರಬಾರದು. ಪ್ರತಿ ಸುತ್ತಿಗೂ ಹಿಡಿಯುವ ಶಕ್ತಿ ಇಳಿಯುತ್ತದೆ, ಎಷ್ಟು ಇಳಿಯಿತು ಅಂತ ಅದೇ ಐದು ಟ್ಯೂಬಿನ ಸಾಲಿನಲ್ಲಿ ಅಳೆದು ಬರೆದಿಡಿ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಅದೊಂದು ಪಟ್ಟಿ ಇದ್ದರೆ ನಾನಾದರೆ ಜಾಸ್ತಿ ಅಂಕ ಕೊಡುತ್ತೇನೆ. ಬೇಗ ಬಿಡಲಿ ಅಂತ ಗಟ್ಟಿ ಆಸಿಡ್ ಸುರಿಯಬೇಡಿ. ಮ್ಯಾಗ್ನೆಟೈಟ್ ಕರಗಿ ಹಳದಿ ನೀರಾಗುತ್ತದೆ. ಹೊರುವವನು ಹೋದ ಮೇಲೆ ಇದ್ದಿಲು ಮತ್ತೆ ಬಿಡಿ ಇದ್ದಿಲು.

ಮೊದಲ ಸಲ ಬಸಿದ ಕ್ಷಾರದ ನೀರನ್ನು ಹಾಗೇ ಸಿಂಕಿಗೆ ಸುರಿಯಬೇಡಿ. ವಿನೆಗರ್ ಸ್ವಲ್ಪ ಸ್ವಲ್ಪ ಹಾಕಿ ಪಿಎಚ್ 7ರ ಹತ್ತಿರಕ್ಕೆ ತಂದು ಆಮೇಲೆ ಚೆಲ್ಲಿ. ಬಳಸಿ ಮುಗಿದ ಕಪ್ಪು ಗಸಿಯನ್ನು ಡಬ್ಬದಲ್ಲಿ ತುಂಬಿ ಲ್ಯಾಬಿನ ಕೆಮಿಕಲ್ ಕಸದ ಜೊತೆ ಕೊಡಿ.

ಎಷ್ಟು ಹೇಳಿದರೂ ಯಾರಾದರೊಬ್ಬರು ಕವರ್ ಇಲ್ಲದೆ ಮ್ಯಾಗ್ನೆಟ್ಟನ್ನು ಗಸಿಗೆ ಅದ್ದಿಯೇ ಅದ್ದುತ್ತಾರೆ. ಆಗ ಉಜ್ಜಬೇಡಿ, ಕಪ್ಪು ಕೈಗೂ ಮೆತ್ತುತ್ತದೆ. ಒಣಗಲು ಬಿಟ್ಟು, ಸೆಲ್ಲೋಟೇಪ್ ಒತ್ತಿ ಒತ್ತಿ ಕೀಳಿ. ಒಂದು ಸುರುಳಿ ಹಾಳಾಗುತ್ತದೆ.